ಹದಿನಾರು ಕ್ಯಾಮೆರಾ, ಗೇಟಿಗೊಂದು ಆ್ಯಪ್: ಅಪಾರ್ಟ್‌ಮೆಂಟ್ ಭದ್ರತಾ ಪ್ಯಾಕೇಜಿನ ವಿಮರ್ಶೆ

ಬೆಂಗಳೂರಿನಲ್ಲಿ 60ರಿಂದ 100 ಮನೆಗಳಿರುವ ಅಪಾರ್ಟ್‌ಮೆಂಟಿನಲ್ಲಿ ಒಂದು ಬೈಕ್ ಕಳುವಾದರೆ ಸಾಕು, ಮುಂದಿನ ಭಾನುವಾರದ ಕಮಿಟಿ ಮೀಟಿಂಗಿಗೆ ಮೂರು ಕೊಟೇಶನ್ ಬಂದು ಕೂತಿರುತ್ತವೆ. ಮೂರೂ ಒಂದೇ ಅಚ್ಚಿನವು: 4 ಮೆಗಾಪಿಕ್ಸೆಲ್‌ನ 16 ಐಪಿ ಕ್ಯಾಮೆರಾ (ನೆಟ್‌ವರ್ಕ್ ತಂತಿಯಲ್ಲಿ ದೃಶ್ಯ ಕಳಿಸುವಂಥವು), ಅವುಗಳ ದೃಶ್ಯ ದಾಖಲಿಸುವ 16 ಚಾನೆಲ್‌ನ ಎನ್‌ವಿಆರ್ ಪೆಟ್ಟಿಗೆ, ಒಂದು ಹಾರ್ಡ್ ಡಿಸ್ಕ್, ಗೇಟಿನಲ್ಲಿ ಬಂದುಹೋಗುವವರನ್ನು ದಾಖಲಿಸುವ ಆ್ಯಪ್, ಈಚೀಚೆಗೆ ಅದರ ಜೊತೆಗೆ ಮುಖ ಗುರುತಿಸುವ ಯಂತ್ರ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ಬಿಡಿಬಿಡಿಯಾಗಿ ತಂದು ಜೋಡಿಸಿದರೂ ಇದೇ ಪಟ್ಟಿ, ದೊಡ್ಡ ಕಂಪನಿಗೆ ಒಪ್ಪಿಸಿದರೂ ಇದೇ ಪಟ್ಟಿ. ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಬ್ರ್ಯಾಂಡಿನದಲ್ಲ, ಇಡೀ ಪ್ಯಾಕೇಜಿನದು.

ಪ್ರತಿ ಭಾಗವನ್ನೂ ಎರಡು ತಕ್ಕಡಿಯಲ್ಲಿ ತೂಗಿದೆ. ಕಳ್ಳತನ ತಡೆಯಲು, ಆಮೇಲೆ ಕಳ್ಳನನ್ನು ಹಿಡಿಯಲು ಅದು ಎಷ್ಟು ಉಪಯೋಗ? ಅಲ್ಲಿ ವಾಸಿಸುವವರ, ಅಲ್ಲಿಗೆ ಕೆಲಸಕ್ಕೆ ಬರುವವರ ಬದುಕಿನಲ್ಲಿ ಅದು ಎಷ್ಟು ಮೂಗು ತೂರಿಸುತ್ತದೆ? "ಭದ್ರತೆ ಬೇಕಾದರೆ ಖಾಸಗಿತನ ಸ್ವಲ್ಪ ಬಿಟ್ಟುಕೊಡಬೇಕು ಸಾರ್" ಅನ್ನುವುದು ಮಾರಾಟಗಾರರ ಸಿದ್ಧ ಉತ್ತರ. ಈ ಪ್ಯಾಕೇಜಿನ ಮಟ್ಟಿಗಂತೂ ಅದು ನಿಜವಲ್ಲ. ಕಳ್ಳನ ಮುಖ ಕಾಣಿಸದ ಕ್ಯಾಮೆರಾವೇ ಸಾಮಾನ್ಯವಾಗಿ ಎದುರುಮನೆಯ ಹಾಲ್ ತೋರಿಸುತ್ತಿರುತ್ತದೆ.

ಕ್ಯಾಮೆರಾ: ಹದಿನಾರು ಬೇಡ, ಹನ್ನೆರಡು ಸಾಕು

ಮೊದಲು, ಕ್ಯಾಮೆರಾದಿಂದ ಏನು ನಿರೀಕ್ಷಿಸಬಹುದು ಅನ್ನುವುದು ಗೊತ್ತಿರಬೇಕು. ಸಿಸಿಟಿವಿ ಕುರಿತ 40 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಾಮರ್ಶೆಯೊಂದು 2019ರಲ್ಲಿ ಪ್ರಕಟವಾಯಿತು. ಕ್ಯಾಮೆರಾ ಹಾಕಿದ ಕಡೆ ಅಪರಾಧ ಸರಾಸರಿ ಶೇ 13ರಷ್ಟು ಇಳಿದಿತ್ತು. ಹೆಚ್ಚಿನ ಪರಿಣಾಮ ಕಂಡದ್ದು ವಾಹನ ನಿಲ್ಲಿಸುವ ಜಾಗಗಳಲ್ಲಿ. ಹಲ್ಲೆಯಂಥ ಹಿಂಸೆಯ ಅಪರಾಧಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಇರಲಿಲ್ಲ. ಅಂದರೆ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಹಾಕಿದ ಕ್ಯಾಮೆರಾ ತನ್ನ ಕೂಲಿ ತಾನು ದುಡಿಯುತ್ತದೆ. ಪ್ರತಿ ಮಹಡಿಯ ಕಾರಿಡಾರಿನಲ್ಲಿ ಹಾಕಿದ್ದು ಮುಖ್ಯವಾಗಿ ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು ಅನ್ನುವುದನ್ನು ಬರೆದಿಡುತ್ತದೆ.

80 ಮನೆಗಳ, ಒಂದೇ ಬ್ಲಾಕಿನ ಕಟ್ಟಡಕ್ಕೆ ಲೆಕ್ಕ ಹೀಗೆ: ಮುಖ್ಯ ಗೇಟಿಗೆ 2 (ಒಂದು ಮುಖಕ್ಕೆ, ಒಂದು ನಂಬರ್ ಪ್ಲೇಟಿಗೆ), ನಡೆದು ಬರುವ ಚಿಕ್ಕ ಗೇಟಿಗೆ 1, ಬೇಸ್‌ಮೆಂಟ್ ರ್‍ಯಾಂಪಿಗೆ 1, ಪಾರ್ಕಿಂಗಿಗೆ 4, ನೆಲಮಹಡಿಯ ಲಿಫ್ಟ್ ಬಾಗಿಲು ಮತ್ತು ಮೆಟ್ಟಿಲಿಗೆ 2, ಟೆರೇಸ್ ಬಾಗಿಲಿಗೆ 1, ಜನರೇಟರ್ ಮತ್ತು ಸಂಪಿನ ಕಡೆಗೆ 1. ಒಟ್ಟು 12. ಕೊಟೇಶನ್ನಿನಲ್ಲಿ ಉಳಿದ 4 ಎಲ್ಲಿಗೆ ಹೋಗುತ್ತವೆ ಎಂದು ಕೇಳಿ ನೋಡಿ: ಈಜುಕೊಳ, ಮಕ್ಕಳ ಆಟದ ಜಾಗ, ಜಿಮ್, ಇಲ್ಲವೇ ಕಾರಿಡಾರ್. ಚಾನೆಲ್ ಖಾಲಿ ಇದೆ ಅನ್ನುವುದೇ ಕಾರಣ. ಈಜುಕೊಳದ ಕ್ಯಾಮೆರಾ ಒಂದೂ ಕಳ್ಳತನ ತಡೆಯುವುದಿಲ್ಲ. ಮುಳುಗುತ್ತಿರುವ ಮಗುವನ್ನೂ ಉಳಿಸುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಸ್ಕ್ರೀನ್ ನೋಡುವವರು ಯಾರೂ ಇರುವುದಿಲ್ಲ. ಅಲ್ಲಿಗೆ ಬೇಕಾದದ್ದು ಬೇಲಿ, ಬೀಗ, ಲೈಫ್‌ಗಾರ್ಡ್.

ಎಷ್ಟು ಮೆಗಾಪಿಕ್ಸೆಲ್ ಅನ್ನುವುದಕ್ಕಿಂತ ಒಂದು ಮೀಟರಿಗೆ ಎಷ್ಟು ಪಿಕ್ಸೆಲ್ ಬೀಳುತ್ತದೆ ಅನ್ನುವುದು ಮುಖ್ಯ. ಅಪರಿಚಿತನ ಮುಖವನ್ನು ಖಚಿತವಾಗಿ ಗುರುತಿಸಲು ಮೀಟರಿಗೆ 250 ಪಿಕ್ಸೆಲ್ ಬೇಕು. ಮೊದಲೇ ಗೊತ್ತಿರುವವರನ್ನು ಇವರೇ ಎನ್ನಲು 125 ಸಾಕು. ಯಾರೋ ಇದ್ದಾರೆ ಎಂದಷ್ಟೇ ತಿಳಿಯಲು 25. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಅಡ್ಡ ಅಳತೆ 2,560 ಪಿಕ್ಸೆಲ್. ಕೊಟೇಶನ್ನಿನಲ್ಲಿ ಹೆಚ್ಚಾಗಿ ಇರುವ 2.8 ಮಿ.ಮೀ. ಲೆನ್ಸು ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. 5 ಮೀಟರ್ ದೂರದಲ್ಲಿ ಆ ಅಗಲ ಹತ್ತಿರಹತ್ತಿರ 12 ಮೀಟರ್. 2,560ನ್ನು 12ರಿಂದ ಭಾಗಿಸಿದರೆ 213. ಅಂದರೆ ಐದು ಮೀಟರಿಗೇ ಮುಖ ಕೈಬಿಟ್ಟುಹೋಯಿತು. ಅದೇ ಜಾಗಕ್ಕೆ 6 ಮಿ.ಮೀ. ಲೆನ್ಸು ಹಾಕಿದರೆ ಅಗಲ ಸುಮಾರು 50 ಡಿಗ್ರಿಗೆ ಇಳಿದು, 10 ಮೀಟರಿನಲ್ಲೂ ಮೀಟರಿಗೆ 270ರ ಆಸುಪಾಸು ಪಿಕ್ಸೆಲ್ ಸಿಗುತ್ತದೆ. ಗೇಟಿಗೆ ಇದು ಬೇಕು. 2.8ರ ಲೆನ್ಸು ಗೇಟಿನ ಜೊತೆಗೆ ರಸ್ತೆಯಾಚೆಯ ಮನೆ, ಅವರ ಬಾಲ್ಕನಿಯಲ್ಲಿ ಒಣಗಹಾಕಿದ ಬಟ್ಟೆ ಎಲ್ಲವನ್ನೂ ಚೆನ್ನಾಗಿ ತೋರಿಸುತ್ತದೆ, ಗೇಟಿಗೆ ಬಂದವನ ಮುಖ ಒಂದನ್ನು ಬಿಟ್ಟು. ರಸ್ತೆಯ ಮೇಲೆ ಕಣ್ಣಿಡಲು ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿನ ತುಂಬ ಪೊಲೀಸರ ಸಾವಿರಾರು ಕ್ಯಾಮೆರಾಗಳಿವೆ. ಆ ಕೆಲಸ ಅಸೋಸಿಯೇಷನ್‌ಗೆ ಬೇಡ.

ಎತ್ತರವನ್ನೂ ಹೇಳಿಯೇ ಹಾಕಿಸಬೇಕು. ಕೆಲಸದವರು ಏಣಿ ಎಷ್ಟು ಎತ್ತರ ಇದೆಯೋ ಅಷ್ಟೆತ್ತರಕ್ಕೆ ಮೊಳೆ ಹೊಡೆಯುತ್ತಾರೆ. 4 ಮೀಟರ್ ಮೇಲಿಂದ ಸಿಗುವುದು ಹೆಲ್ಮೆಟ್, ಟೋಪಿ, ಬೋಳುತಲೆ. ಮುಖ ಬೇಕಾದ ಕಡೆ 2.2ರಿಂದ 2.5 ಮೀಟರ್ ಸರಿ. ನಂಬರ್ ಪ್ಲೇಟಿಗೆ ಬೇರೆಯದೇ ಕ್ಯಾಮೆರಾ ಇಟ್ಟು, ಶಟರ್ ವೇಗವನ್ನು ಸೆಕೆಂಡಿನ 500ನೇ ಒಂದು ಭಾಗ ಅಥವಾ ಅದಕ್ಕಿಂತ ವೇಗಕ್ಕೆ ಕಟ್ಟಿ, ಪ್ಲೇಟಿಗೆ 30 ಡಿಗ್ರಿಗಿಂತ ಹೆಚ್ಚು ಓರೆಯಾಗದಂತೆ ನಿಲ್ಲಿಸಬೇಕು. ಇಲ್ಲದಿದ್ದರೆ ರಾತ್ರಿ ಹೆಡ್‌ಲೈಟು ಮತ್ತು ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕು ಸೇರಿ ಪ್ಲೇಟು ಬಿಳಿ ಹಲಗೆಯಾಗಿ ಕಾಣುತ್ತದೆ. ಒಂದೇ ಕ್ಯಾಮೆರಾದಿಂದ ಮುಖವನ್ನೂ ಪ್ಲೇಟನ್ನೂ ತೆಗೆಯುತ್ತೇವೆ ಅನ್ನುವ ಮಾರಾಟಗಾರನಿಗೆ ರಾತ್ರಿ ಎಂಟರ ಮೇಲೆ ಡೆಮೊ ಕೊಡಲು ಹೇಳಿ. ಬರುವುದಿಲ್ಲ.

ರಾತ್ರಿಯ ಮಾತು ಬಂದದ್ದರಿಂದ ಕೇಬಲ್ಲಿನ ವಿಷಯ. ಹಗಲೆಲ್ಲ ಚೆನ್ನಾಗಿದ್ದು ಸಂಜೆ ಏಳಕ್ಕೆ ಸರಿಯಾಗಿ ಆಫ್ ಆಗಿ ಆನ್ ಆಗುವ ಕ್ಯಾಮೆರಾ ಇದ್ದರೆ, ತೊಂದರೆ ಕ್ಯಾಮೆರಾದ್ದಲ್ಲ. ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಕ್ಯಾಮೆರಾ ಎಳೆಯುವ ವಿದ್ಯುತ್ತು 3-4 ವಾಟಿನಿಂದ 7 ವಾಟಿನವರೆಗೆ ಏರುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಲ್ಲಿ 60-70 ಮೀಟರ್ ಹೋಗುವಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತದೆ. ಕೊಟೇಶನ್ನಿನಲ್ಲಿ "ಕ್ಯಾಟ್-6" ಎಂದಷ್ಟೇ ಬರೆದಿದ್ದರೆ ಸಾಲದು, "ಶುದ್ಧ ತಾಮ್ರ" ಎಂದು ಸೇರಿಸಿ ಬರೆಸಿ. ಪಿಒಇ ಸ್ವಿಚ್ಚಿನಿಂದ (ಕ್ಯಾಮೆರಾ ತಂತಿಗಳೆಲ್ಲ ಬಂದು ಸೇರುವ, ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಕೊಡುವ ಪೆಟ್ಟಿಗೆ) ಕ್ಯಾಮೆರಾಕ್ಕೆ 100 ಮೀಟರ್ ಮೀರಬಾರದು. 12 ಕ್ಯಾಮೆರಾ, ತಲಾ 7 ವಾಟ್, ಒಟ್ಟು 84. ಹಾಗಾಗಿ ಪಿಒಇ ಸ್ವಿಚ್ಚಿನ ಒಟ್ಟು ಸಾಮರ್ಥ್ಯ 120 ವಾಟ್ ಇರಲಿ. ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಕೊಟ್ಟಿದ್ದರೆ ಅದರೊಳಗಿರುವುದು 12 ವೋಲ್ಟ್, 7 ಎಎಚ್‌ನ ಪುಟ್ಟ ಬ್ಯಾಟರಿ. ಅರ್ಧ ಗಂಟೆಯೂ ಬಾಳುವುದಿಲ್ಲ. ಬೆಸ್ಕಾಂನವರು ಕರೆಂಟ್ ತೆಗೆದ ಹೊತ್ತಿಗೇ ಕ್ಯಾಮೆರಾ ಕಣ್ಣು ಮುಚ್ಚಿದರೆ ಹಾಕಿಸಿಯೂ ಏನು ಬಂತು? 100 ಎಎಚ್ ಬ್ಯಾಟರಿಯ ಇನ್ವರ್ಟರ್ ನಾಲ್ಕು ಗಂಟೆ ಎಳೆಯುತ್ತದೆ.

ಇನ್ನು ಪ್ರೈವೆಸಿ ಮಾಸ್ಕ್. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಚಿತ್ರದ ಒಂದು ಭಾಗವನ್ನು ಕಪ್ಪು ಚೌಕದಿಂದ ಮುಚ್ಚುವ ಸೌಲಭ್ಯ ಬಹುತೇಕ ಎಲ್ಲ ಐಪಿ ಕ್ಯಾಮೆರಾಗಳಲ್ಲಿ ಇದೆ. ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಅದನ್ನು ಎನ್‌ವಿಆರ್ ಪರದೆಯಲ್ಲಿ ಮರೆಮಾಡಿದರೆ ಪ್ರಯೋಜನವಿಲ್ಲ, ಕ್ಯಾಮೆರಾದಲ್ಲೇ ಹಾಕಬೇಕು. ಆಗ ಮುಚ್ಚಿದ ಭಾಗ ರೆಕಾರ್ಡೇ ಆಗುವುದಿಲ್ಲ. ನೆಲಮಹಡಿಯ ಮನೆಗಳ ಕಿಟಕಿ, ಎದುರು ಕಟ್ಟಡದ ಬಾಲ್ಕನಿ, ವಾಚ್‌ಮನ್ ಕೋಣೆಯೊಳಗಿನ ಮಂಚ, ಇವಕ್ಕೆ ಮಾಸ್ಕ್ ಇರಲೇಬೇಕು. ಮೈಕನ್ನೂ ಆಫ್ ಮಾಡಿಸಿ. ಈಗಿನ ಹಲವು ಬುಲೆಟ್ ಕ್ಯಾಮೆರಾಗಳಲ್ಲಿ ಮೈಕ್ ಒಳಗೇ ಇರುತ್ತದೆ, ಕಾರ್ಖಾನೆಯಿಂದಲೇ ಆನ್ ಆಗಿ ಬಂದಿರುವುದೂ ಉಂಟು. ಲಿಫ್ಟಿನ ಮುಂದೆ ನಿಂತು ಗಂಡ ಹೆಂಡತಿ ಆಡಿದ ಮಾತಿನಿಂದ ಯಾವ ಬೈಕೂ ವಾಪಸ್ ಬರುವುದಿಲ್ಲ.

ಕ್ಯಾಮೆರಾ ಭಾಗಕ್ಕೆ, ಹೇಳಿ ಹಾಕಿಸಿದರೆ 10ಕ್ಕೆ 8. ಕೊಟೇಶನ್ನಿನಲ್ಲಿ ಇದ್ದಂತೆಯೇ ಹಾಕಿಸಿದರೆ 4.

ಎನ್‌ವಿಆರ್, ಡಿಸ್ಕು, ಪಾಸ್‌ವರ್ಡು

ಕೊಟೇಶನ್ನಿನಲ್ಲಿ ಎಲ್ಲರೂ ಮೋಸಹೋಗುವ ಸಾಲು ಹಾರ್ಡ್ ಡಿಸ್ಕಿನದು. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ 43.2 ಜಿಬಿ. 16 ಕ್ಯಾಮೆರಾ ಅಂದರೆ ದಿನಕ್ಕೆ 691 ಜಿಬಿ. ಕೊಡುವ 4 ಟಿಬಿ ಡಿಸ್ಕ್ ಆರನೇ ದಿನಕ್ಕೆ ತುಂಬಿ ಹಳೆಯದರ ಮೇಲೆ ಬರೆಯಲು ಶುರುಮಾಡುತ್ತದೆ. ದಸರಾ ರಜೆಗೆ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದವರಿಗೆ ಬೀಗ ಒಡೆದದ್ದು ಕಾಣುತ್ತದೆ, ಒಡೆದವನು ಕಾಣುವುದಿಲ್ಲ. ಅದೇ 12 ಕ್ಯಾಮೆರಾ, ವಿಡಿಯೊ ಹೆಚ್ಚು ಕುಗ್ಗಿಸುವ ಎಚ್.265 ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್, 15 ಫ್ರೇಮ್ ಇಟ್ಟರೆ ದಿನಕ್ಕೆ 259 ಜಿಬಿ, 30 ದಿನಕ್ಕೆ 7.8 ಟಿಬಿ. ಒಂದು 8 ಟಿಬಿ ಡಿಸ್ಕಿಗೆ ಕೂದಲೆಳೆಯ ಅಂತರದಲ್ಲಿ ಹಿಡಿಸುತ್ತದೆ. ಬೇಡದ ನಾಲ್ಕು ಕ್ಯಾಮೆರಾ ತೆಗೆದದ್ದರ ಲಾಭ ಇಲ್ಲಿ ದಿನಗಳ ಲೆಕ್ಕದಲ್ಲಿ ಕೈಗೆ ಬರುತ್ತದೆ. ಡಿಸ್ಕ್ ಕಣ್ಗಾವಲಿಗೆಂದೇ ಮಾಡಿದ್ದಿರಬೇಕು. ಮನೆಯ ಕಂಪ್ಯೂಟರಿನ ಡಿಸ್ಕು ಹಗಲೂ ರಾತ್ರಿ ಬರೆಯುವ ಕೆಲಸ ಹೆಚ್ಚು ದಿನ ತಡೆಯುವುದಿಲ್ಲ.

30 ದಿನ ಎಂಬ ಲೆಕ್ಕ ಆಕಾಶದಿಂದ ಬಂದದ್ದಲ್ಲ. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ, ಸಾರ್ವಜನಿಕರು ಬಂದುಹೋಗುವ ಸಂಸ್ಥೆಗಳು ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಇಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆ ಹೇಳುತ್ತದೆ. ಆ ಕಾಯಿದೆ ನೋಡುವುದು ಮಾಲು, ಆಸ್ಪತ್ರೆ, ಶಾಲೆಗಳಂಥ ಜಾಗಗಳ ಕಡೆಗೆ. ಆದರೂ ವಸತಿ ಕಟ್ಟಡಕ್ಕೂ ಅದೇ ಅಳತೆ ಹಿಡಿಸುತ್ತದೆ. 90 ದಿನ ಇಡುತ್ತೇವೆ, 180 ದಿನ ಇಡುತ್ತೇವೆ ಎಂದು ಹೆಚ್ಚುವರಿ ಡಿಸ್ಕ್ ಮಾರುವವರಿದ್ದಾರೆ. ಮನೆಗಳಿರುವ ಕಡೆ ತಿಂಗಳು ದಾಟಿದ ದೃಶ್ಯಕ್ಕೆ ಗಿರಾಕಿಗಳು ಬೇರೆಯೇ: ವಿಚ್ಛೇದನದ ವಕೀಲರು, ಬಾಡಿಗೆದಾರನ ಮೇಲೆ ಕಣ್ಣಿಟ್ಟ ಮಾಲೀಕರು, ಮಗಳು ಎಷ್ಟು ಗಂಟೆಗೆ ಬರುತ್ತಾಳೆಂದು ಕೇಳುವ ಚಿಕ್ಕಪ್ಪಂದಿರು.

ಪಾಸ್‌ವರ್ಡಿನ ವಿಷಯದಲ್ಲಿ ಈ ಪ್ಯಾಕೇಜುಗಳ ಮಟ್ಟ ಕೆಟ್ಟದ್ದು ಅನ್ನುವುದಕ್ಕಿಂತ ಅಪಾಯಕಾರಿ ಅನ್ನಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಉಪಕರಣಗಳನ್ನು ಹಿಡಿದದ್ದು ಕ್ಯಾಮೆರಾ, ಡಿವಿಆರ್‌ಗಳ ಕಾರ್ಖಾನೆ ಪಾಸ್‌ವರ್ಡುಗಳಿಂದ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ತಪಾಸಣಾ ಕೊಠಡಿಯ ದೃಶ್ಯಗಳು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕೆ ಬಂದವು. ಆ ಕ್ಯಾಮೆರಾ ಹಾಕಿಸಿದ್ದೂ ಭದ್ರತೆಯ ಹೆಸರಿನಲ್ಲೇ. ಇಲ್ಲಿ ಎರಡು ತಪ್ಪುಗಳಿವೆ: ಇರಬಾರದ ಜಾಗದಲ್ಲಿ ಕ್ಯಾಮೆರಾ, ಹೊರಗಿನವರು ನುಗ್ಗಬಹುದಾದ ವ್ಯವಸ್ಥೆ. ಮೊದಲನೆಯದನ್ನು ಮಾಡದಿದ್ದರೆ ಎರಡನೆಯದರಿಂದ ಆಗುವ ಹಾನಿ ಅರ್ಧ ಕಡಿಮೆ.

ಹಾಕಿಸಿದ ದಿನವೇ ಇಷ್ಟು ಮಾಡಿಸಿ. ಇನ್‌ಸ್ಟಾಲ್ ಮಾಡಿದವನ ಅಕೌಂಟ್ ಅಳಿಸಿ, ಅವನ ಎದುರಿಗೇ. ಅಡ್ಮಿನ್ ಪಾಸ್‌ವರ್ಡ್ 14 ಅಕ್ಷರಕ್ಕೆ ಕಡಿಮೆಯಿಲ್ಲದೆ ಇಟ್ಟು, ಲಕೋಟೆಯಲ್ಲಿ ಮೊಹರು ಮಾಡಿ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರ ಸಹಿ ಹಾಕಿ. ರೌಟರಿನಲ್ಲಿ ಹೊರಗಿನವರಿಗೆ ಒಳದಾರಿ ತೆರೆಯುವ ಎರಡು ಸೆಟ್ಟಿಂಗುಗಳಿವೆ: ಯುಪಿಎನ್‌ಪಿ ಆಫ್ ಮಾಡಿ, ಪೋರ್ಟ್ ಫಾರ್ವರ್ಡಿಂಗ್ ತೆಗೆದುಹಾಕಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊಬೈಲಿನಲ್ಲಿ ನೋಡುವ ಸೌಲಭ್ಯ ನಿಜವಾಗಿ ಬೇಕಿದ್ದರೆ ಇಬ್ಬರಿಗೆ ಮಾತ್ರ, ಒಟಿಪಿಯಂಥ ಎರಡನೇ ಬೀಗದೊಂದಿಗೆ. ಇಡೀ ಕಮಿಟಿಗೆ ಒಂದೇ ಲಾಗಿನ್ ಹಂಚಿದರೆ ಯಾರು ಏನು ನೋಡಿದರು, ಯಾವ ತುಣುಕು ಇಳಿಸಿಕೊಂಡರು ಅನ್ನುವ ಲಾಗ್ ಸತ್ತಂತೆ. ಎಲ್ಲರಿಗೂ ಬೇರೆಬೇರೆ ಹೆಸರು ಕೊಡಿ. ವಾಚ್‌ಮನ್ ಪರದೆಯಲ್ಲಿ ಗೇಟು ಮತ್ತು ರ್‍ಯಾಂಪ್ ಮಾತ್ರ ಲೈವ್. ಹಿಂದಕ್ಕೆ ಓಡಿಸಿ ನೋಡುವ ಅನುಮತಿ ಬೇಡ.

ಗಡಿಯಾರವನ್ನು ಮರೆಯಬೇಡಿ. ಎನ್‌ವಿಆರ್ ಒಳಗಿನ ಗಡಿಯಾರ ತಿಂಗಳಿಗೆ ಒಂದೆರಡು ನಿಮಿಷ ಆಚೀಚೆ ಸರಿಯುವುದು ಸಾಮಾನ್ಯ; ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ಒಂದು ಪವರ್ ಕಟ್ಟಿಗೆ ತಾರೀಖೇ 2000ಕ್ಕೆ ಹಾರುತ್ತದೆ. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ, ಇಂಟರ್‌ನೆಟ್ ಮೂಲಕ ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರಿಗೆ ಜೋಡಿಸಿದರೆ ಈ ರಗಳೆ ಇಲ್ಲ. ಹತ್ತು ನಿಮಿಷ ತಪ್ಪು ತೋರಿಸುವ ಗಡಿಯಾರದಿಂದ ಕಳ್ಳ ತಪ್ಪಿಸಿಕೊಳ್ಳುವುದು ಒಂದು ಕಡೆ. ಆ ಹತ್ತು ನಿಮಿಷದಲ್ಲಿ ಗೇಟು ದಾಟಿದ ಪೇಪರ್ ಹುಡುಗ ಠಾಣೆಗೆ ಹೋಗಿ ಕೂರಬೇಕಾಗುವುದು ಇನ್ನೊಂದು ಕಡೆ.

ಕೊಳ್ಳುವಾಗ ಒಂದು ಪರೀಕ್ಷೆ: ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ನಿಯಮಗಳಿಗೆ ತಕ್ಕಂತಿವೆ ಎಂದು ಪರೀಕ್ಷೆಯಾಗಿರಬೇಕೆಂಬ ಕಟ್ಟಳೆ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲಿನ ಸ್ಟಾಕನ್ನು "ಆಫರ್" ಎಂದು ತಳ್ಳುವವರಿರುತ್ತಾರೆ. ಮಾದರಿ ಸಂಖ್ಯೆ ಸಮೇತ ಪ್ರಮಾಣಪತ್ರದ ಪ್ರತಿ ಕೇಳಿ, ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ತಾಳೆ ನೋಡಿ.

ಮುಖ ಗುರುತಿಸುವ ಯಂತ್ರ: ಬೇಡ

ಇದಕ್ಕೆ ಅಂಕ 10ಕ್ಕೆ 2, ಆ ಎರಡೂ ನೋಡಲು ಚೆಂದ ಇರುವುದಕ್ಕೆ. ಲೆಕ್ಕ ಸರಳ. ಯಂತ್ರ ಒಂದು ಮುಖವನ್ನು ಇನ್ನೊಂದರ ಜೊತೆ ಹೋಲಿಸುವಾಗ 10,000ಕ್ಕೆ ಒಂದು ಸಲ ಮಾತ್ರ ತಪ್ಪುತ್ತದೆ ಎಂದು ಇಟ್ಟುಕೊಳ್ಳೋಣ; ಬಹಳ ಒಳ್ಳೆಯ ಯಂತ್ರ. "ಒಳಗೆ ಬಿಡಬಾರದವರು" ಎಂದು 20 ಮುಖ ತುಂಬಿದ್ದೀರಿ. ದಿನಕ್ಕೆ ಗೇಟಿನಲ್ಲಿ 1,000 ಮುಖ ಹಾದುಹೋಗುತ್ತವೆ. ದಿನಕ್ಕೆ 20,000 ಹೋಲಿಕೆ, ಅಂದರೆ ದಿನಕ್ಕೆ ಎರಡು ಸುಳ್ಳು ಅಲಾರಂ. ಆ ಇಪ್ಪತ್ತರಲ್ಲಿ ಒಬ್ಬ ನಿಜವಾಗಿ ಬರುವುದು ವರ್ಷಕ್ಕೊಮ್ಮೆಯಾದರೆ, ಅಷ್ಟರಲ್ಲಿ 700ಕ್ಕೂ ಹೆಚ್ಚು ಸಲ ಯಾರೋ ಡೆಲಿವರಿ ಹುಡುಗನನ್ನೋ ಪೇಂಟರನ್ನೋ ನಿಲ್ಲಿಸಿ ಪ್ರಶ್ನಿಸಿ ಆಗಿರುತ್ತದೆ. ಎರಡನೇ ವಾರಕ್ಕೆ ವಾಚ್‌ಮನ್ ಅಲಾರಂ ಆಫ್ ಮಾಡುತ್ತಾನೆ. ಅವನದೇನೂ ತಪ್ಪಿಲ್ಲ.

ಹೋಲಿಕೆಯ ಮಿತಿಯನ್ನು ಬಿಗಿ ಮಾಡಿದರೆ ಸುಳ್ಳು ಅಲಾರಂ ಇಳಿಯುತ್ತದೆ, ಆದರೆ ಬೆಳಗಿನ ಎದುರುಬಿಸಿಲಿಗೆ, ಮಂಕಿ ಕ್ಯಾಪಿಗೆ ನಿವಾಸಿಗಳೇ ಹೊರಗೆ ನಿಲ್ಲುತ್ತಾರೆ. ಸಡಿಲ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡ ಉದಾಹರಣೆ ದೆಹಲಿ ಪೊಲೀಸರದು: ಶೇ 80ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ಅದೇ ವ್ಯಕ್ತಿ ಎಂದು ಪರಿಗಣಿಸುತ್ತೇವೆ ಎಂಬ ಉತ್ತರ 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಬಂದಿತ್ತು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಮುಖ ಸೋರಿದರೆ ಏನು ಬದಲಿಸುತ್ತೀರಿ? ನಿವಾಸಿಗಳಿಗೆ ಹತ್ತಿರ ಹಿಡಿದರೆ ಗೇಟು ತೆರೆಯುವ ಆರ್‌ಎಫ್‌ಐಡಿ ಕಾರ್ಡ್ ಅಥವಾ ವಾಹನಕ್ಕೆ ಟ್ಯಾಗ್ ಸಾಕು. ಕಾರ್ಡ್ ಕಳೆದರೆ ಐದು ನಿಮಿಷದಲ್ಲಿ ರದ್ದು.

ಗೇಟ್ ಆ್ಯಪ್

ಮೊದಲು ನ್ಯಾಯವಾಗಿ ಒಂದು ಮಾತು: ಗೇಟಿನಲ್ಲಿ ದಾರ ಕಟ್ಟಿದ ಪೆನ್ನಿನ ಜೊತೆ ಇರುತ್ತಿದ್ದ ರಿಜಿಸ್ಟರ್‌ಗಿಂತ ಆ್ಯಪ್ ವಾಸಿ. ಆ ಪುಸ್ತಕದಲ್ಲಿ ನಿಮಗಿಂತ ಮೊದಲು ಬಂದ ಹೆಣ್ಣುಮಗಳ ಹೆಸರು, ಮೊಬೈಲ್ ನಂಬರ್, ಹೋದ ಮನೆ ಎಲ್ಲ ನಿಮ್ಮ ಕಣ್ಣೆದುರಿಗೇ ಇರುತ್ತಿತ್ತು. ಆ್ಯಪ್‌ನಲ್ಲಿ ಕನಿಷ್ಠ ಅದು ದಾರಿಹೋಕರಿಗೆ ಕಾಣುವುದಿಲ್ಲ. ಬಂದವರನ್ನು ಒಳಗೆ ಬಿಡಲೋ ಬೇಡವೋ ಎಂದು ಮನೆಯವರನ್ನೇ ಕೇಳುವುದು ನಿಜವಾಗಿಯೂ ಕೆಲಸಕ್ಕೆ ಬರುವ ಭದ್ರತೆ.

ತೊಂದರೆ ಇರುವುದು ಆ್ಯಪ್ ಅಷ್ಟಕ್ಕೆ ನಿಲ್ಲದೇ ಇರುವುದರಲ್ಲಿ. ಸಂದರ್ಶಕರ ಫೋಟೊ, ವಾಹನ ಸಂಖ್ಯೆ, ಮೊಬೈಲ್ ಮೂರನ್ನೂ ಕಡ್ಡಾಯ ಮಾಡುವ ಆಯ್ಕೆ, ಅದಕ್ಕೆ ಅಳಿಸುವ ದಿನಾಂಕವಿಲ್ಲ. ಕಮಿಟಿಯ ಅಡ್ಮಿನ್ ಪುಟದಿಂದ ಒಂದು ಮನೆಗೆ ವರ್ಷವಿಡೀ ಬಂದವರ ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳುವ ಗುಂಡಿ ಇದ್ದರೆ ಅದು ಭದ್ರತೆಯ ಗುಂಡಿಯಲ್ಲ. ಹೀಗೆ ಕಟ್ಟಿಸಿ: ಊಟ, ಕೊರಿಯರ್ ತರುವವರಿಗೆ ಫೋಟೊ ಬೇಡ, ಕಂಪನಿ ಮತ್ತು ಮನೆ ಸಂಖ್ಯೆ ಸಾಕು, ಮೊಬೈಲ್ ಸಂಖ್ಯೆ ವಾಚ್‌ಮನ್‌ಗೆ ಕೊನೆಯ ನಾಲ್ಕಂಕೆ ಮಾತ್ರ, ಒಂದು ಮನೆಯ ದಾಖಲೆ ಆ ಮನೆಯವರಿಗಷ್ಟೇ, 30 ದಿನಕ್ಕೆ ತಾನಾಗಿ ಅಳಿಯಬೇಕು. ಅಳಿಸುವ ಆಯ್ಕೆಯೇ ಇಲ್ಲ ಎಂದರೆ ಆ ಆ್ಯಪ್ ಬೇಡ, ಇಂಟರ್‌ಕಾಮ್ ಸಾಕು.

ಮನೆಗೆಲಸದವರ ವಿಷಯ ಈ ಪ್ಯಾಕೇಜಿನ ಅತಿ ಕೊಳಕು ಮೂಲೆ. ಅವರು ಎಷ್ಟಕ್ಕೆ ಬಂದರು, ಯಾರ ಮನೆಗೆ ಮೊದಲು ಹೋದರು, ಎಷ್ಟಕ್ಕೆ ಹೊರಟರು ಅನ್ನುವುದು ಅವರನ್ನು ಇಟ್ಟುಕೊಂಡ ಎಲ್ಲ ಮನೆಗೂ ತೋರಿಸುವ, ಅವರಿಗೆ ನಕ್ಷತ್ರ ಕೊಡುವ ಸೌಲಭ್ಯ ಕೆಲವು ಆ್ಯಪ್‌ಗಳಲ್ಲಿದೆ. ಉತ್ತರ ಕೊಡುವ ಅವಕಾಶ ಅವರಿಗಿಲ್ಲ. ಎರಡು ನಕ್ಷತ್ರ ಬಿದ್ದರೆ ಯಾಕೆಂದು ಕೇಳುವ ಜಾಗವೂ ಇಲ್ಲ. ಇದರಿಂದ ತಡೆದ ಕಳ್ಳತನ ಯಾವುದು? ನಂಬಿಕೆಗೆ ಬೇಕಾದರೆ ರಾಜ್ಯ ಸರ್ಕಾರದ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನೆ ಮಾಡಿಸಬಹುದು. ಗುರುತಿನ ಚೀಟಿ ಬೇಕಿದ್ದರೆ ಕೊನೆಯ ನಾಲ್ಕಂಕೆ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ತೆಗೆದುಕೊಳ್ಳಿ. ಇಡೀ ಆಧಾರ್ ಕಾರ್ಡಿನ ಜೆರಾಕ್ಸ್ ವಾಚ್‌ಮನ್ ಮೇಜಿನ ಡ್ರಾಯರಿನಲ್ಲಿ ಬಿದ್ದಿರುವುದು ಯಾರ ಭದ್ರತೆಗೆ?

ಹೊರಗೆ ಹೋಗುವಾಗ ಅವರ ಚೀಲ ತಡಕಾಡುವುದಕ್ಕೂ ಇದೇ ಮಾತು. ಒಪ್ಪಿಗೆಯಿಲ್ಲದೆ ಯಾರನ್ನೂ ಶೋಧಿಸುವ ಪೊಲೀಸ್ ಅಧಿಕಾರ ಖಾಸಗಿ ಕಾವಲುಗಾರನಿಗಿಲ್ಲ. ಜಾಮೀನಿಲ್ಲದ, ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ಕಣ್ಣೆದುರೇ ನಡೆದರೆ ಸಾಮಾನ್ಯ ನಾಗರಿಕನಂತೆ ಅವನೂ ಹಿಡಿಯಬಹುದು. ಹಾಗೆ ಹಿಡಿದವರನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 40 ಹೇಳುತ್ತದೆ. "ಕಮಿಟಿಯವರು ಬರೋವರೆಗೆ ಕೂಡಿಹಾಕು" ಅನ್ನುವುದು ಅಕ್ರಮ ಬಂಧನ. ಸೆಕ್ಯೂರಿಟಿ ಏಜೆನ್ಸಿಗೆ 2005ರ ಕೇಂದ್ರ ಕಾಯಿದೆಯ ಪ್ರಕಾರ ಲೈಸೆನ್ಸ್ ಇರಬೇಕು. ಅದರ ನಿಯಮಗಳಲ್ಲಿ ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಎಂದಿದೆ. ತರಬೇತಿಯ ಪತ್ರ ಕೇಳಿದರೆ ಏಜೆನ್ಸಿಯವರ ಮುಖ ನೋಡಬೇಕು. ಆದರೂ ಕೇಳಿ, ಏಕೆಂದರೆ ಈ ಪ್ಯಾಕೇಜಿನಲ್ಲಿ ಕಳ್ಳನನ್ನು ನಿಜವಾಗಿ ತಡೆಯಬಲ್ಲವನು ಕಾವಲುಗಾರನೊಬ್ಬನೇ.

ಫುಟೇಜ್ ಕೇಳಿದಾಗ

ನಿವಾಸಿ ಕೇಳಿದರೆ: ಬರಹದಲ್ಲಿ ಅರ್ಜಿ, ಯಾವ ದಿನ, ಯಾವ ಹೊತ್ತು, ಯಾಕೆ. ಇಬ್ಬರು ಪದಾಧಿಕಾರಿಗಳ ಎದುರು ತೋರಿಸಿ. ಪ್ರತಿ ಕೊಡುವುದು ಬೇಡ, ಬೇರೆಯವರ ಮಕ್ಕಳು, ಮನೆಯವರು ಅದರಲ್ಲಿ ಇರುತ್ತಾರೆ. "ಈತನನ್ನು ನೋಡಿದವರು ತಿಳಿಸಿ" ಎಂದು ತುಣುಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ, ಆತ ಮೀಟರ್ ಓದಲು ಬಂದವನಾಗಿದ್ದರೆ, ಮಾನನಷ್ಟದ ದೂರಿಗೆ ಹಾಕಿದವರೇ ಉತ್ತರ ಕೊಡಬೇಕು.

ಪೊಲೀಸರು ಕೇಳಿದರೆ ಕೊಡಬೇಕು, ಬೇಗ ಕೊಡಬೇಕು, ಆದರೆ ಕ್ರಮದಲ್ಲಿ. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 94ರಡಿ ಬರಹದ ಆದೇಶ ಅಥವಾ ಕನಿಷ್ಠ ಠಾಣೆಯ ಪತ್ರ ಪಡೆದುಕೊಳ್ಳಿ. ಕೇಳಿದ ಹೊತ್ತಿನ ತುಣುಕನ್ನಷ್ಟೇ ಎನ್‌ವಿಆರ್‌ನ ಮೂಲ ರೂಪದಲ್ಲೇ ಇಳಿಸಿ. ಮೊಬೈಲಿನಿಂದ ಪರದೆಯ ವಿಡಿಯೊ ತೆಗೆದು ಕಳಿಸಿದ್ದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲದಷ್ಟು ಕಡಿಮೆ. ಆ ಕ್ಷಣ ಎನ್‌ವಿಆರ್ ಗಡಿಯಾರ ಎಷ್ಟು ತೋರಿಸುತ್ತಿದೆ, ನಿಜ ಸಮಯ ಎಷ್ಟು ಎಂದು ಬರೆದಿಡಿ. ವಿಂಡೋಸ್‌ನ ಸರ್ಟ್‌ಯುಟಿಲ್ ಆಜ್ಞೆಯಿಂದ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲು ಬದಲಾದರೆ ಇದೂ ಬದಲಾಗುತ್ತದೆ) ತೆಗೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ನಮೂದಾಗಬೇಕು. ಅದರ ಎ ಭಾಗವನ್ನು ಉಪಕರಣ ಯಾರ ಸುಪರ್ದಿನಲ್ಲಿದೆಯೋ ಅವರು, ಬಿ ಭಾಗವನ್ನು ತಜ್ಞರು ತುಂಬುತ್ತಾರೆ. ಇನ್ನೊಂದು ಪ್ರತಿ ಮೊಹರು ಹಾಕಿ ಇಟ್ಟುಕೊಳ್ಳಿ. ಇಷ್ಟು ಮಾಡಲು ಅರ್ಧ ಗಂಟೆ. ಎನ್‌ವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತೇವೆ ಎಂದರೆ ಜಪ್ತಿಯ ಪಂಚನಾಮೆಯ ಪ್ರತಿ ಕೇಳಿ. 24 ಗಂಟೆಯ ಲೈವ್ ಸಂಪರ್ಕ ಕೊಡಿ ಎಂಬ ಕೋರಿಕೆ ಬಂದರೆ ಅದನ್ನು ಕಾರ್ಯದರ್ಶಿ ಒಬ್ಬರೇ ಒಪ್ಪುವುದಲ್ಲ, ಸರ್ವಸದಸ್ಯರ ಸಭೆಗೆ ತರಬೇಕು. ಒಂದು ಕಳುವಿನ ದೃಶ್ಯ ಕೊಡುವುದು ಬೇರೆ, 80 ಮನೆಗಳ ದಿನಚರಿ ಕೊಡುವುದು ಬೇರೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಾನೂನಿನ ಆಧಾರ ಇದೆಯೇ, ಉದ್ದೇಶ ನ್ಯಾಯವಾದದ್ದೇ, ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ ಎಂಬ ಅಲ್ಲಿನ ಅಳತೆಗೋಲು ಸರ್ಕಾರಕ್ಕೆ ಹೇಳಿದ್ದು. ಆದರೆ ಕಾರಿಡಾರ್ ಕ್ಯಾಮೆರಾ ಬೇಕೆನ್ನುವ ಕಮಿಟಿಯ ಮುಂದೆ ಮೂರನೇ ಪ್ರಶ್ನೆಯನ್ನು ಇಟ್ಟರೆ ಚರ್ಚೆ ಬೇಗ ಮುಗಿಯುತ್ತದೆ. ಬೇರೆ ಕೋರ್ಟುಗಳೂ ಮನೆಯ ಬಾಗಿಲವರೆಗೆ ಬಂದಿವೆ. ಜೊತೆಗೆ ವಾಸಿಸುವವರ ಒಪ್ಪಿಗೆಯಿಲ್ಲದೆ ಮನೆಯ ವಾಸದ ಭಾಗದಲ್ಲಿ ಕ್ಯಾಮೆರಾ ಹಾಕುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ಬಳಿಕ ಬಿಗಿಯಾಗುತ್ತವೆ. ಮನೆಯೊಳಗಿನ ಸ್ವಂತ ಬಳಕೆಗೆ ಅದರಲ್ಲಿ ವಿನಾಯಿತಿ ಇದೆ. ಅಸೋಸಿಯೇಷನ್ ಆ ವಿನಾಯಿತಿಯ ನೆರಳಲ್ಲಿ ನಿಲ್ಲುವುದು ಕಷ್ಟ. "ಇಲ್ಲಿ ಕ್ಯಾಮೆರಾ ಇದೆ, 30 ದಿನ ಇಡುತ್ತೇವೆ, ವಿಚಾರಿಸಲು ಇವರು" ಎಂದು ಕನ್ನಡದಲ್ಲೂ ಬರೆದ ಒಂದು ಫಲಕ ಗೇಟಿನಲ್ಲಿ ಈಗಿನಿಂದಲೇ ಇರಲಿ.

ಕೊನೆಯ ಕಂತಿನ ಹಣ, ಶೇ 15ರಷ್ಟು, ಈ ಪರೀಕ್ಷೆ ಮುಗಿಯುವವರೆಗೆ ಕೊಡಬೇಡಿ. ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ, ಎಂಟೂವರೆಗೆ, ಗೇಟಿನ ದೀಪ ಆರಿಸಿ. ಹೆಲ್ಮೆಟ್ ಕೈಯಲ್ಲಿ ಹಿಡಿದ ಒಬ್ಬರು ನಡೆದು ಬರಲಿ, ಒಂದು ಸ್ಕೂಟರ್ 20 ಕಿ.ಮೀ. ವೇಗದಲ್ಲಿ ಒಳಬರಲಿ. ಮೇನ್ಸ್ ತೆಗೆದು ಒಂದು ಗಂಟೆ ಬಿಡಿ. ಮಾರನೆಯ ದಿನ ಎನ್‌ವಿಆರ್‌ನಿಂದ ಆ ಹೊತ್ತಿನ ದೃಶ್ಯವನ್ನು ಇಳಿಸಿ ನೋಡಿ: ಮುಖ ಗುರುತು ಸಿಗುತ್ತದೆಯೇ, ನಂಬರ್ ಓದಲು ಬರುತ್ತದೆಯೇ, ಗಡಿಯಾರ ಸರಿಯಿದೆಯೇ, ಕರೆಂಟಿಲ್ಲದ ಗಂಟೆ ಖಾಲಿಯಿದೆಯೇ. ಆಮೇಲೆ ನೆಲಮಹಡಿಯ ಮನೆಗಳವರನ್ನೂ ಎದುರು ಕಟ್ಟಡದವರೊಬ್ಬರನ್ನೂ ಕರೆದು ಎಲ್ಲ 12 ಚೌಕಗಳನ್ನು ತೋರಿಸಿ. ಅವರ ಕಿಟಕಿ ಎಲ್ಲಾದರೂ ಕಂಡರೆ ಮಾಸ್ಕ್ ಹಾಕಿದ ಮೇಲೆಯೇ ಚೆಕ್ಕಿಗೆ ಸಹಿ.